ಮಾತಾಡಿಸಿ ಬರುವ ವಿದ್ಯೆ: ದುಃಖ ಪಾಠವಾದ ಕಥೆ



ಬಂಧುಗಳ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಸಾವಾದರೆ ನಮ್ಮ ಕಡೆಯ ಹಿರಿಯರು ಹೇಳುವ ಮಾತೊಂದಿದೆ: "ಹೋಗಿ ಮಾತಾಡಿಸಿಕೊಂಡು ಬರಬೇಕಪ್ಪಾ." ಹೋದವರು ಹೆಚ್ಚೇನೂ ಮಾಡುವುದಿಲ್ಲ. ಜಗುಲಿಯ ಮೇಲೆ ಕೂರುತ್ತಾರೆ. "ಏನಾಯ್ತು, ಹೇಗಾಯ್ತು" ಎಂದು ಕೇಳುತ್ತಾರೆ. ಮನೆಯವರು ಅದೇ ಕಥೆಯನ್ನು ಹತ್ತನೆಯ ಸಲ, ಇಪ್ಪತ್ತನೆಯ ಸಲ ಹೇಳುತ್ತಾರೆ, ಅಳುತ್ತಾರೆ, ಮತ್ತೆ ಹೇಳುತ್ತಾರೆ.

ಈಗ ಇನ್ನೊಂದು ವಿಷಯ ಕೇಳಿ. ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳ ವಿಶ್ವವಿದ್ಯಾಲಯಗಳಲ್ಲಿ ಅಗಲಿಕೆಯ ದುಃಖ, ಕೊನೆಗಾಲದ ಆರೈಕೆ ಮತ್ತು ಅದರ ಮುಂದಾಳತ್ವ ಇವೇ ವಿಷಯಗಳಾಗಿ ಸ್ನಾತಕೋತ್ತರ ಪದವಿಗಳು ಬಂದಿವೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ. "ಅಳುವುದಕ್ಕೂ ಡಿಗ್ರಿಯೇ? ನಮ್ಮಜ್ಜಿ ಯಾವ ಕಾಲೇಜಿಗೆ ಹೋಗಿದ್ದಳು?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವಿದ್ಯೆ ಹುಟ್ಟಿದ ಚರಿತ್ರೆಯನ್ನು ನೋಡಿದರೆ ಅದು ಅಜ್ಜಿಯರಿದ್ದ ಹಳ್ಳಿಗಳಲ್ಲಿ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಅದು ಹುಟ್ಟಿದ್ದು ಬೋಸ್ಟನ್, ಲಂಡನ್, ಷಿಕಾಗೊಗಳಂಥ ಮಹಾನಗರಗಳಲ್ಲಿ, ಬಂಧುಬಳಗದಿಂದ ದೂರ ಬಂದವರ ನಡುವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ನಮಗೆ ಈ ಚರಿತ್ರೆ ಅದಕ್ಕಾಗಿಯೇ ಹತ್ತಿರದ್ದು.

ಬೋಸ್ಟನ್ನಿನ ಬೆಂಕಿ

1942ರ ನವೆಂಬರ್ 28, ಶನಿವಾರ ರಾತ್ರಿ. ಬೋಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್ ಕ್ಲಬ್ ಕಿಕ್ಕಿರಿದು ತುಂಬಿತ್ತು. ಬೆಂಕಿ ಹೊತ್ತಿಕೊಂಡಾಗ ಜನ ಮುಖ್ಯದ್ವಾರದ ಸುತ್ತುಬಾಗಿಲಿನತ್ತ ಒಟ್ಟಿಗೇ ನುಗ್ಗಿದರು. ಬಾಗಿಲು ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿತ್ತು. ಸತ್ತವರು 492 ಮಂದಿ.

ಗಾಯಾಳುಗಳಲ್ಲಿ ಹಲವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಬಂದರು. ಅಲ್ಲಿನ ಮನೋವೈದ್ಯ ಎರಿಕ್ ಲಿಂಡೆಮನ್ ಒಂದು ಸಂಗತಿಯನ್ನು ಗಮನಿಸಿದರು. ಸುಟ್ಟ ಗಾಯ ಮಾಯುತ್ತ ಬಂದರೂ ಕೆಲವರು ಚೇತರಿಸಿಕೊಳ್ಳುತ್ತಿರಲಿಲ್ಲ. ಅವರು ಆ ರಾತ್ರಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು. ಲಿಂಡೆಮನ್ ಅವರೊಂದಿಗೂ, ಹತ್ತಿರದವರನ್ನು ಕಳೆದುಕೊಂಡ ಬೇರೆಯವರೊಂದಿಗೂ ಕುಳಿತು ಮಾತಾಡಿದರು. ಒಟ್ಟು 101 ಮಂದಿ. 1944ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಅದರಲ್ಲಿ ಅವರು ಕಂಡದ್ದನ್ನು ಸರಳವಾಗಿ ಬರೆದರು. ಗಂಟಲು ಬಿಗಿಯುತ್ತದೆ, ಮೇಲಿಂದ ಮೇಲೆ ನಿಟ್ಟುಸಿರು ಬರುತ್ತದೆ, ಹೊಟ್ಟೆ ಬರಿದಾದಂತೆ ಅನ್ನಿಸುತ್ತದೆ. ಈ ಸಂಕಟ ಅಲೆಅಲೆಯಾಗಿ, ಒಂದೊಂದು ಸಲ 20 ನಿಮಿಷದಿಂದ 1 ಗಂಟೆಯವರೆಗೆ ಬರುತ್ತದೆ. ಹೋದವರ ಮುಖ ಕಣ್ಣೆದುರೇ ಇರುತ್ತದೆ. "ನಾನು ಹೀಗೆ ಮಾಡಿದ್ದರೆ ಉಳಿಯುತ್ತಿದ್ದರೇನೋ" ಎಂಬ ಕೊರಗು, ಕಾರಣವಿಲ್ಲದೆ ಎಲ್ಲರ ಮೇಲೂ ಸಿಟ್ಟು. ಇದು ಹುಚ್ಚಲ್ಲ, ಎಲ್ಲರಿಗೂ ಆಗುವಂಥದ್ದು ಎಂದು ಒಬ್ಬ ವೈದ್ಯ ಪಟ್ಟಿ ಮಾಡಿ ಹೇಳಿದ್ದು ದೊಡ್ಡ ಹೆಜ್ಜೆಯಾಯಿತು. ದುಃಖವನ್ನು ತಡೆದಿಟ್ಟುಕೊಂಡವರಿಗೆ ಅದು ಮುಂದೆ ಬೇರೆ ಬೇರೆ ಕಾಯಿಲೆಗಳ ರೂಪದಲ್ಲಿ ಕಾಡುತ್ತದೆ ಎಂದೂ ಅವರು ಎಚ್ಚರಿಸಿದರು.

ಒಂದು ಕಡೆ ಅವರ ಲೆಕ್ಕ ತಪ್ಪಿತು. ನಾಲ್ಕರಿಂದ ಆರು ವಾರಗಳಲ್ಲಿ, ಎಂಟು-ಹತ್ತು ಸಲ ಕೂಡಿಸಿ ಮಾತಾಡಿಸಿದರೆ ಸಹಜ ದುಃಖವನ್ನು ಒಂದು ಹದಕ್ಕೆ ತರಬಹುದು ಎಂದು ಅವರು ಭಾವಿಸಿದ್ದರು. ದುಃಖಕ್ಕೆ ಅಷ್ಟು ಬೇಗ ಮುಗಿಯುವ ಅಭ್ಯಾಸವಿಲ್ಲ ಎಂಬುದನ್ನು ಮುಂದಿನ ಸಂಶೋಧಕರು ತೋರಿಸಿಕೊಟ್ಟರು. ಆದರೂ ಈ ವಿದ್ಯೆಯ ಚರಿತ್ರೆ ಬರೆಯುವವರು ಇಂದಿಗೂ ಆ ಬೆಂಕಿಯ ರಾತ್ರಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಸಾವಿನ ಮಾತೇ ಬೇಡ ಎಂದವರು

ಇಪ್ಪತ್ತನೆಯ ಶತಮಾನದ ನಡುವೆ ಪಶ್ಚಿಮದ ನಗರಗಳಲ್ಲಿ ಸಾವು ಮನೆಯಿಂದ ಆಸ್ಪತ್ರೆಗೆ ಹೋಯಿತು. ಹೊಸ ಔಷಧ, ಹೊಸ ಯಂತ್ರ, ಹೊಸ ಶಸ್ತ್ರಚಿಕಿತ್ಸೆಗಳು ಬಂದವು. ಗುಣಪಡಿಸುವುದೇ ವೈದ್ಯನ ಕೆಲಸವಾಯಿತು. ಗುಣವಾಗದ ರೋಗಿ ವಾರ್ಡಿನ ಮೂಲೆಯ ಮಂಚಕ್ಕೆ ಸರಿದ. ರೋಗಿಗೆ ಕಾಯಿಲೆಯ ಹೆಸರು ಹೇಳದಿರುವುದೇ ದಯೆ ಎನ್ನಿಸಿಕೊಂಡಿತು. ಇಂಗ್ಲೆಂಡಿನ ಜೆಫ್ರಿ ಗೋರರ್ 1955ರಲ್ಲಿ ಬರೆದ ಒಂದು ಲೇಖನದಲ್ಲಿ, ಹಿಂದಿನ ತಲೆಮಾರಿನವರು ಲೈಂಗಿಕ ವಿಷಯವನ್ನು ಮುಚ್ಚಿಟ್ಟಂತೆ ಈ ಕಾಲದವರು ಸಾವನ್ನು ಮುಚ್ಚಿಡುತ್ತಿದ್ದಾರೆ ಎಂದರು.

ಅಮೆರಿಕದಲ್ಲಿ ಹರ್ಮನ್ ಫೈಫಲ್ ಎಂಬ ಮನಶ್ಶಾಸ್ತ್ರಜ್ಞರು ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಲು ಹೊರಟಾಗ ಆಸ್ಪತ್ರೆಗಳ ಅಧಿಕಾರಿಗಳು ಅಡ್ಡಿ ಮಾಡಿದರು. ರೋಗಿಗಳಿಗೆ ನೋವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಫೈಫಲ್ ಬಿಡಲಿಲ್ಲ. ಬೇರೆ ಬೇರೆ ಶಾಸ್ತ್ರಗಳ ವಿದ್ವಾಂಸರಿಂದ ಸಾವಿನ ಬಗ್ಗೆ ಬರೆಯಿಸಿ 1959ರಲ್ಲಿ ಒಂದು ಸಂಕಲನ ತಂದರು. 1963ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಫುಲ್ಟನ್ ಸಾವನ್ನೇ ವಿಷಯವಾಗಿಟ್ಟುಕೊಂಡು ಪಾಠ ಶುರುಮಾಡಿದರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಬಗೆಯ ನಿಯತ ಪಾಠಗಳಲ್ಲಿ ಇದೇ ಮೊದಲನೆಯದೆಂದು ಹೇಳುತ್ತಾರೆ. 1969ರಲ್ಲಿ ಅಲ್ಲೇ ಒಂದು ಅಧ್ಯಯನ ಕೇಂದ್ರವೂ ತೆರೆಯಿತು. ಈ ಶಾಸ್ತ್ರಕ್ಕೆ 'ಥನಟಾಲಜಿ' ಎಂಬ ಹೆಸರು ಬಳಕೆಗೆ ಬಂತು. ಗ್ರೀಕ್ ಭಾಷೆಯಲ್ಲಿ 'ಥನಟೋಸ್' ಎಂದರೆ ಸಾವು.

ಕಿಟಕಿಗೆಂದು 500 ಪೌಂಡ್

ಈಗ ಲಂಡನ್ನಿಗೆ ಬನ್ನಿ. 1948. ಪೋಲೆಂಡಿನಿಂದ ಬಂದ ಡೇವಿಡ್ ಟಾಸ್ಮಾ ಎಂಬ ಯಹೂದಿ ನಿರಾಶ್ರಿತ. ಹೋಟೆಲಿನಲ್ಲಿ ಮಾಣಿಯಾಗಿ ಕೆಲಸ ಮಾಡುತ್ತಿದ್ದವನು. ವಯಸ್ಸು ಸುಮಾರು 40, ಗುಣವಾಗದ ಕ್ಯಾನ್ಸರ್. ಆ ದೊಡ್ಡ ಊರಿನಲ್ಲಿ ಅವನಿಗೆ ತನ್ನವರೆಂಬವರು ಯಾರೂ ಇರಲಿಲ್ಲ. ಹುಟ್ಟಿದ ಊರಿಗೆ ಮರಳುವಂತಿರಲಿಲ್ಲ. ಆಡುತ್ತಿದ್ದ ಇಂಗ್ಲಿಷೂ ಅವನ ಮನೆಯ ಮಾತಲ್ಲ.

ಅವನನ್ನು ನೋಡಲು ಬರುತ್ತಿದ್ದವರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿದ್ದವರು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿದ್ದರು. ಇಬ್ಬರೂ ವಾರಗಟ್ಟಲೆ ಮಾತಾಡಿದರು. ಇಂಥವರಿಗಾಗಿ ಒಂದು ಮನೆ ಇದ್ದರೆ ಹೇಗಿರಬೇಕು ಎಂಬುದೇ ಹೆಚ್ಚಿನ ಮಾತು. ಸಾಯುವ ಮುನ್ನ ಟಾಸ್ಮಾ ಅವರಿಗೆ 500 ಪೌಂಡ್ ಬಿಟ್ಟುಹೋದ. ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂಬುದು ಅವನ ಆಸೆ.

ಆ ಕಿಟಕಿಗೆ ಗೋಡೆ ಕಟ್ಟಲು 19 ವರ್ಷ ಬೇಕಾಯಿತು. ವೈದ್ಯರಾಗದೆ ತಮ್ಮ ಮಾತನ್ನು ಯಾರೂ ಕೇಳುವುದಿಲ್ಲ ಎಂದು ತಿಳಿದು ಸಾಂಡರ್ಸ್ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ 1957ರಲ್ಲಿ ಡಾಕ್ಟರಾದರು. ನೋವು ತಡೆಯಲಾರದಷ್ಟಾದ ಮೇಲೆ ರೋಗಿ ಬೇಡಿ ಮಾರ್ಫಿನ್ ಪಡೆಯುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಗಡಿಯಾರ ನೋಡಿ, ನೋವು ಮರಳುವ ಮುಂಚೆಯೇ ಕೊಡಬೇಕೆಂದರು. ದೇಹದ ನೋವು, ಮನಸ್ಸಿನ ಭಯ, ಮನೆಯವರ ಚಿಂತೆ, ಬದುಕಿಗೇನು ಅರ್ಥವೆಂಬ ಪ್ರಶ್ನೆ ಈ ನಾಲ್ಕೂ ಸೇರಿದ್ದನ್ನು ಅವರು 'ಸಮಗ್ರ ನೋವು' ಎಂದು ಕರೆದರು. ಇದರಲ್ಲಿ ಒಂದಕ್ಕೆ ಮಾತ್ರ ಮದ್ದು ಕೊಟ್ಟರೆ ಸಾಲದು ಎಂಬುದು ಅವರ ವಾದ.

1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. ಮೊದಲಿನಿಂದಲೂ ಅಲ್ಲಿ ಆರೈಕೆಯ ಜೊತೆಗೆ ಬೋಧನೆಯೂ ಸಂಶೋಧನೆಯೂ ಇದ್ದವು. ಕಲಿಯದೆ ಈ ಕೆಲಸ ಮಾಡಲಾಗದು, ಕಲಿಸದೆ ಇದು ಉಳಿಯದು ಎಂಬ ನಂಬಿಕೆ ಅದರ ಹಿಂದಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಡೀನ್ ಆಗಿದ್ದ ಫ್ಲಾರೆನ್ಸ್ ವಾಲ್ಡ್, ಸಾಂಡರ್ಸ್ ಭಾಷಣದಿಂದ ಪ್ರೇರಣೆ ಪಡೆದು ಆ ದೊಡ್ಡ ಹುದ್ದೆ ಬಿಟ್ಟರು, ಲಂಡನ್ನಿಗೆ ಬಂದು ಕಲಿತರು. ಅವರ ಮತ್ತು ಸಂಗಡಿಗರ ಶ್ರಮದಿಂದ 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಅಮೆರಿಕದ ಮೊದಲ ಆಧುನಿಕ ಹಾಸ್ಪಿಸ್ ಶುರುವಾಯಿತು. ಕೆನಡಾದ ವೈದ್ಯ ಬಾಲ್ಫರ್ ಮೌಂಟ್ ಇದಕ್ಕೆ 'ಪ್ಯಾಲಿಯೇಟಿವ್ ಕೇರ್' ಎಂಬ ಹೆಸರು ಕೊಟ್ಟರು. ನಾವು ಉಪಶಮನ ಆರೈಕೆ ಎನ್ನುವುದು ಇದನ್ನೇ. 1987ರಲ್ಲಿ ಬ್ರಿಟನ್ ಇದನ್ನು ವೈದ್ಯಶಾಸ್ತ್ರದ ಒಂದು ಪ್ರತ್ಯೇಕ ವಿಭಾಗವಾಗಿ ಒಪ್ಪಿಕೊಂಡಿತು.

ಐದು ಹಂತಗಳು ಮತ್ತು ಒಂದು ತಪ್ಪು ತಿಳಿವಳಿಕೆ

ಈ ವಿಷಯದಲ್ಲಿ ನಿಮಗೆ ಗೊತ್ತಿರುವ ಹೆಸರು ಬಹುಶಃ ಎಲಿಸಬೆತ್ ಕೂಬ್ಲರ್-ರಾಸ್ ಅವರದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯೆ. 1965ರಲ್ಲಿ ಧರ್ಮಶಾಸ್ತ್ರದ ನಾಲ್ವರು ವಿದ್ಯಾರ್ಥಿಗಳು ಸಾವಿನ ಬಗ್ಗೆ ಅಧ್ಯಯನ ಮಾಡಬೇಕೆಂದು ಅವರಲ್ಲಿಗೆ ಬಂದರು. "ಹಾಗಾದರೆ ಸಾಯುತ್ತಿರುವವರನ್ನೇ ಗುರುಗಳನ್ನಾಗಿ ಮಾಡಿಕೊಳ್ಳೋಣ" ಎಂಬ ದಾರಿಯನ್ನು ಅವರು ಹಿಡಿದರು. ಇನ್ನೂರಕ್ಕೂ ಹೆಚ್ಚು ರೋಗಿಗಳೊಂದಿಗೆ ನಡೆಸಿದ ಮಾತುಕತೆಯ ಸಾರ 1969ರಲ್ಲಿ ಪುಸ್ತಕವಾಗಿ ಬಂತು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳು ಜಗತ್ತಿನಾದ್ಯಂತ ಪ್ರಸಿದ್ಧವಾದವು.

ಆದರೆ ಒಂದನ್ನು ಗಮನಿಸಬೇಕು. ಆ ಹಂತಗಳನ್ನು ಅವರು ಮೊದಲು ಹೇಳಿದ್ದು ಸಾಯುತ್ತಿರುವವರ ಬಗ್ಗೆ. ಆಮೇಲೆ ಅವನ್ನು ಉಳಿದವರ ದುಃಖಕ್ಕೂ ಅಂಟಿಸಿದರು, ಮೆಟ್ಟಿಲು ಹತ್ತಿದಂತೆ ಒಂದಾದ ಮೇಲೊಂದು ಬರಲೇಬೇಕು ಎಂದುಕೊಂಡರು. ಎಷ್ಟೋ ಮಂದಿ "ನನಗಿನ್ನೂ ಒಪ್ಪಿಗೆಯ ಹಂತವೇ ಬಂದಿಲ್ಲ, ನನ್ನಲ್ಲೇನೋ ದೋಷವಿದೆ" ಎಂದು ಕೊರಗಿದ್ದುಂಟು. ದುಃಖ ಹಾಗೆ ಸಾಲಾಗಿ ಬರುವುದಿಲ್ಲ ಎಂಬುದನ್ನು ಈಗ ಈ ವಿಷಯದ ಪಾಠಗಳಲ್ಲಿ ಸ್ಪಷ್ಟವಾಗಿ ಕಲಿಸುತ್ತಾರೆ.

ಉಳಿದವರ ದುಃಖವನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡವರು ಲಂಡನ್ನಿನ ಕಾಲಿನ್ ಮರೆ ಪಾರ್ಕ್ಸ್. ಗಂಡನನ್ನು ಕಳೆದುಕೊಂಡ 22 ಮಂದಿ ಹೆಂಗಸರನ್ನು ಒಂದು ವರ್ಷದುದ್ದಕ್ಕೂ ಮತ್ತೆ ಮತ್ತೆ ಮಾತಾಡಿಸಿದರು. ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರ ದಾಖಲೆಗಳನ್ನು ಸಂಗಡಿಗರೊಂದಿಗೆ ಪರಿಶೀಲಿಸಿದರು. ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡ 40ರಷ್ಟು ಹೆಚ್ಚಿತ್ತು, ಅದರಲ್ಲೂ ಹೃದಯದ ಕಾಯಿಲೆಯೇ ಮುಂದು. 1969ರಲ್ಲಿ ಪ್ರಕಟವಾದ ಈ ಅಧ್ಯಯನ, ಎದೆಯೊಡೆದು ಸತ್ತರು ಎಂಬ ಹಳೆಯ ಮಾತಿಗೆ ಅಂಕಿ ಅಂಶ ಕೊಟ್ಟಿತು. ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ರೋಗಿ ತೀರಿಕೊಂಡ ಮೇಲೂ ಮನೆಯವರನ್ನು ವಿಚಾರಿಸಿಕೊಳ್ಳುವ ವ್ಯವಸ್ಥೆ ಮಾಡಿದವರೂ ಪಾರ್ಕ್ಸ್ ಅವರೇ. ಅವರು 2024ರಲ್ಲಿ ತೀರಿಕೊಂಡರು.

ಇನ್ನೊಂದು ತಿರುವು ನಮಗೆ ವಿಶೇಷ ಆಸಕ್ತಿಯದು. ಹೋದವರೊಂದಿಗಿನ ನಂಟನ್ನು ಕಡಿದುಕೊಂಡರೇ ದುಃಖ ವಾಸಿಯಾದಂತೆ ಎಂದು ಫ್ರಾಯ್ಡ್ ಕಾಲದಿಂದ ನಂಬಿದ್ದರು. 1996ರಲ್ಲಿ ಅಮೆರಿಕದ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ ನೋಡಿದರು. ನಂಟು ಕಡಿಯುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದು ರೋಗವಲ್ಲ ಎಂದರು. ಜಪಾನಿನ ಮನೆಗಳಲ್ಲಿ ಹಿರಿಯರಿಗೆ ನಡೆಯುವ ಪೂಜೆಯನ್ನೂ ಕ್ಲಾಸ್ ಅಧ್ಯಯನ ಮಾಡಿದ್ದರು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವವರಿಗೆ, ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೊಂಬತ್ತಿ ಹಚ್ಚುವವರಿಗೆ, ಗೋರಿಯ ಬಳಿ ನಿಂತು ಫಾತಿಹಾ ಓದುವವರಿಗೆ ಇದೇನೂ ಹೊಸತಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಸ್ಟ್ರೋಬೆ ಮತ್ತು ಷುಟ್ ಇನ್ನೊಂದು ಮಾತು ಸೇರಿಸಿದರು. ದುಃಖಿಸುವುದು, ದುಃಖವನ್ನು ಬದಿಗಿಟ್ಟು ಬ್ಯಾಂಕು-ರೇಷನ್ನು ಎಂದು ಓಡಾಡುವುದು, ಈ ಎರಡರ ನಡುವೆ ಜೀವ ತೂಗಾಡುತ್ತಿರುತ್ತದೆ, ಎರಡೂ ಬೇಕು ಎಂದರು.

ಪದವಿಯಲ್ಲಿ ಕಲಿಯುವುದೇನು?

ಹೀಗೆ ಕೂಡಿಬಂದ ತಿಳಿವಳಿಕೆಯೇ ಪಠ್ಯವಾಯಿತು. 1976ರಲ್ಲಿ ಅಮೆರಿಕದಲ್ಲಿ ಈ ವಿಷಯ ಕಲಿಸುವವರ ಮತ್ತು ಆಪ್ತಸಲಹೆಗಾರರ ಸಂಘ ಹುಟ್ಟಿತು. ಮೇರಿಲೆಂಡ್ ರಾಜ್ಯದ ಹುಡ್ ಕಾಲೇಜು ಥನಟಾಲಜಿಯಲ್ಲಿ ಎಂ.ಎ. ಕೊಡಲು ಶುರುಮಾಡಿತು. ಮೇರಿಲೆಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೇಂದ್ರದ ಉಪಶಮನ ಆರೈಕೆಯ ಎಂ.ಎಸ್. ಪದವಿಗೆ ವೈದ್ಯರು, ನರ್ಸ್‌ಗಳು, ಔಷಧಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಧರ್ಮಗುರುಗಳು ಒಟ್ಟಿಗೆ ಸೇರಿ ಓದಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಾಂಡರ್ಸ್ ಹೆಸರಿನ ಸಂಸ್ಥೆಯೇ 2010ರಲ್ಲಿ ತೆರೆಯಿತು.

ಇಂಥ ಪಾಠಗಳಲ್ಲಿ ಕೆಟ್ಟ ಸುದ್ದಿಯನ್ನು ಹೇಳುವ ಬಗೆ ಇರುತ್ತದೆ. ಮಕ್ಕಳಿಗೆ ಸಾವನ್ನು ವಿವರಿಸುವುದು ಹೇಗೆ, ಬೇರೆ ಬೇರೆ ಧರ್ಮಗಳಲ್ಲಿ ದೇಹವನ್ನು ಮುಟ್ಟುವ, ತೊಳೆಯುವ, ಒಪ್ಪಿಸುವ ಕ್ರಮವೇನು ಎಂಬುದಿರುತ್ತದೆ. ಸಹಜ ದುಃಖ ಯಾವುದು, ಚಿಕಿತ್ಸೆ ಬೇಕಾದದ್ದು ಯಾವುದು ಎಂದು ಗುರುತಿಸುವುದೂ ಇರುತ್ತದೆ. ಒಂದು ವರ್ಷ ಕಳೆದರೂ ದಿನನಿತ್ಯದ ಬದುಕೇ ನಡೆಯದಂತೆ ಕಾಡುವ ದುಃಖವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ಒಂದು ಪ್ರತ್ಯೇಕ ಸಮಸ್ಯೆಯಾಗಿ ಸೇರಿಸಿತು. ಎಲ್ಲ ದುಃಖಕ್ಕೂ ಮಾತ್ರೆ ಬೇಡ, ಆದರೆ ಕೆಲವರಿಗೆ ನೆರವು ಬೇಕೇ ಬೇಕು ಎಂಬುದು ಇದರ ತಾತ್ಪರ್ಯ.

ಮುಂದಾಳತ್ವ ಎಂದರೆ ಭಾಷಣವಲ್ಲ. ಮನೆಮನೆಗೆ ಹೋಗುವ ತಂಡ ಕಟ್ಟುವುದು, ಹಣ ಹೊಂದಿಸುವುದು, ಸ್ವಯಂಸೇವಕರನ್ನು ತಯಾರು ಮಾಡುವುದು, ದಿನವೂ ಸಾವನ್ನು ನೋಡಿ ದಣಿಯುವ ನರ್ಸ್‌ಗಳ ಮನಸ್ಸನ್ನೂ ಕಾಯುವುದು, ಸರ್ಕಾರದ ನಿಯಮ ಬದಲಾಯಿಸುವುದು. ಮಗುವನ್ನು ಕಳೆದುಕೊಂಡ ನೌಕರರಿಗೆ ಎರಡು ವಾರಗಳ ರಜೆಯ ಹಕ್ಕು ಬ್ರಿಟನ್ನಿನಲ್ಲಿ 2020ರಲ್ಲಿ ಕಾನೂನಾಗಿ ಬಂದದ್ದು ಇಂಥ ಒತ್ತಾಯದಿಂದಲೇ.

ಬೆಂಗಳೂರಿನ ಬೆಂಕಿ

ಬೋಸ್ಟನ್ನಿನ ಬೆಂಕಿಯ ಕಥೆ ಕೇಳಿದಿರಿ. ನಮ್ಮದೇ ಬೆಂಗಳೂರಿನ ಇನ್ನೊಂದು ಬೆಂಕಿಯನ್ನು ಹಿರಿಯ ಕೇಳುಗರು ಮರೆತಿರಲಾರರು. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಸರ್ಕಸ್ ನೋಡಲು ಹೋಗಿದ್ದ ಮಕ್ಕಳು.

ನಿಮ್ಹಾನ್ಸ್‌ನ ತಜ್ಞರು ಆ ಮಕ್ಕಳ, ಆ ಬಂಧುಗಳ ಮನೆಯವರನ್ನು ಮಾತಾಡಿಸಿ ಅವರ ದುಃಖದ ಬಗೆಯನ್ನು ದಾಖಲಿಸಿದರು. ಆ ಅಧ್ಯಯನ 1987ರಲ್ಲಿ ನಿಮ್ಹಾನ್ಸ್‌ನ ಪತ್ರಿಕೆಯಲ್ಲಿ ಪ್ರಕಟವಾಯಿತು. ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರ ಮನಸ್ಸನ್ನು ಕುರಿತು ಭಾರತದಲ್ಲಿ ನಡೆದ ಆರಂಭದ ಅಧ್ಯಯನಗಳಲ್ಲಿ ಇದೂ ಒಂದು. 1984ರ ಭೋಪಾಲ್ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮನಸ್ಸಿನ ಆರೈಕೆಯ ತರಬೇತಿ ಕೊಡಲು ಹೋದದ್ದೂ ನಿಮ್ಹಾನ್ಸ್ ತಂಡವೇ. ಅದಕ್ಕಾಗಿ ಸಿದ್ಧವಾದ ಕೈಪಿಡಿಯ ಲೇಖಕರಲ್ಲಿ ಒಬ್ಬರು, ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಹತ್ತಾರು ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್. ಒಡಿಶಾದ ಚಂಡಮಾರುತ (1999), ಗುಜರಾತಿನ ಭೂಕಂಪ (2001), ಸುನಾಮಿ (2004) ಹೀಗೆ ಮುಂದಿನ ದುರಂತಗಳಲ್ಲೂ ಊರಿನವರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವ ಕ್ರಮ ಬೆಳೆಯಿತು.

ಮುಂಬಯಿಯಿಂದ ಆರಂಭ

ಕೊನೆಗಾಲದ ಆರೈಕೆಯ ವಿಷಯಕ್ಕೆ ಬಂದರೆ ಮುಂಬಯಿ ಕೇಳುಗರು ಹೆಮ್ಮೆಪಡಬಹುದು. ಭಾರತದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಬಾಂದ್ರಾದಲ್ಲಿ 1986ರಲ್ಲಿ ಶುರುವಾಯಿತು. ಶುರುಮಾಡಿದವರು ಟಾಟಾ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ಡಾ. ಎಲ್.ಜೆ. ಡಿಸೋಜಾ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಕಟ್ಟಿದ ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ರೋಗಿಯನ್ನು ಕರೆತರುವ ಬದಲು ರೋಗಿಯ ಮನೆಗೇ ಹೋಗುವುದು, ನೆರೆಹೊರೆಯವರನ್ನೇ ಸ್ವಯಂಸೇವಕರನ್ನಾಗಿ ತಯಾರಿಸುವುದು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು.

ದೆಹಲಿಯಲ್ಲಿ 1996ರಲ್ಲಿ ಕ್ಯಾನ್‌ಸಪೋರ್ಟ್, ಪುಣೆಯಲ್ಲಿ 1997ರಲ್ಲಿ ಸಿಪ್ಲಾ ಕೇಂದ್ರ ಆರಂಭವಾದವು. ಬೆಂಗಳೂರಿನಲ್ಲಿ 1994ರಲ್ಲಿ ಹಾಸ್ಪಿಸ್ ಟ್ರಸ್ಟ್ ಹುಟ್ಟಿ, 1999ರಲ್ಲಿ ಕರುಣಾಶ್ರಯ ತೆರೆಯಿತು. ಅಲ್ಲಿ ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ.

ಈ ಕೆಲಸಕ್ಕೆ ದೊಡ್ಡ ಅಡ್ಡಿಯಾಗಿದ್ದದ್ದು ಮಾರ್ಫಿನ್ ಸಿಗದಿದ್ದುದು. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾನೂನಿನ ಕಟ್ಟಳೆಗಳಿಗೆ ಹೆದರಿ ಔಷಧ ಅಂಗಡಿಗಳೂ ಆಸ್ಪತ್ರೆಗಳೂ ಅದನ್ನು ಇಡುವುದನ್ನೇ ಬಿಟ್ಟವು. ನಮ್ಮ ಕ್ಯಾನ್ಸರ್ ರೋಗಿಗಳು ನರಳಿದರು. ಆರೈಕೆಯ ಈ ಮುಂದಾಳುಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2014ರಲ್ಲಿ ಆ ಕಾನೂನಿಗೆ ತಿದ್ದುಪಡಿ ಬಂತು. ಅಷ್ಟರಲ್ಲಿ, 2012ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಉಪಶಮನ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಪದವಿ ಶುರುವಾಗಿತ್ತು. 2019ರಲ್ಲಿ ಜಾರಿಗೆ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ರೋಗಿಯೊಂದಿಗೆ ಮಾತಾಡುವುದನ್ನೂ ಕಲಿಸಬೇಕೆಂದಾಯಿತು.

ಹಳದೀಪುರದ ಹುಡುಗಿ, ಕೆ.ಇ.ಎಂ. ನರ್ಸ್‌ಗಳು

ಯಾವ ಪದವಿಯೂ ಇಲ್ಲದೆ ಈ ವಿದ್ಯೆಯನ್ನು ನಡೆಸಿ ತೋರಿಸಿದವರೂ ಮುಂಬಯಿಯಲ್ಲಿದ್ದಾರೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್, 1973ರ ನವೆಂಬರ್‌ನಲ್ಲಿ ನಡೆದ ಘೋರ ದಾಳಿಯಿಂದ ಮಿದುಳಿಗೆ ಪೆಟ್ಟಾಗಿ ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ 42 ವರ್ಷ, ಆ ಆಸ್ಪತ್ರೆಯ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ದಯಾಮರಣ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ದಿನವೂ ಆರೈಕೆ ಮಾಡುವ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ಅದೇ ತೀರ್ಪಿನಲ್ಲಿ, ಗುಣವಾಗುವ ಆಸೆಯೇ ಇಲ್ಲದವರಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಕಟ್ಟುನಿಟ್ಟಿನ ದಾರಿಯನ್ನೂ ತೋರಿಸಿತು.

2018ರಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ 'ಲಿವಿಂಗ್ ವಿಲ್'ಗೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಕಾಗದದ ಮೇಲೆ ದಾರಿ ಸಿದ್ಧವಾಗಿದೆ. ಆದರೆ ಐಸಿಯು ಬಾಗಿಲಲ್ಲಿ ನಿಂತ ಮನೆಯವರೊಂದಿಗೆ ಈ ಮಾತನ್ನು ತೆಗೆಯುವವರಾರು? ಅದಕ್ಕೆ ಕಲಿತವರು ಬೇಕು.

ನಮ್ಮ ಊರು ದೂರ

ಕೇಳುಗರೇ, ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಜ್ಜಿಗೆ ಪದವಿ ಬೇಕಿರಲಿಲ್ಲ, ನಿಜ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಆದ್ದರಿಂದ ಪಕ್ಕದ ಮನೆಯಿಂದ ಗಂಜಿ ಬರುತ್ತಿತ್ತು. ಮೂರನೆಯ ದಿನದ ಹಾಲುತುಪ್ಪ, ಹನ್ನೊಂದರ ತಿಥಿ, ಮಾಸಿಕ, ವರ್ಷಾಬ್ದಿಕ ಎಂದು ದುಃಖಕ್ಕೆ ದಿನಗಳ ಲೆಕ್ಕವಿತ್ತು, ಆ ದಿನಗಳಂದು ಜನ ಬರುತ್ತಿದ್ದರು. ಒಬ್ಬರೇ ಕೂತು ಅಳಬೇಕಾದ ಪ್ರಸಂಗ ಕಡಿಮೆ. ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. ಗಂಡ ಸತ್ತವಳನ್ನು ಮೂಲೆಗೆ ಕೂರಿಸಿದ್ದೂ, ಶುಭಕಾರ್ಯಕ್ಕೆ ಬೇಡವೆಂದದ್ದೂ ಅದೇ ಊರು. ಗಂಡಸು ಅಳಬಾರದು, ಮಕ್ಕಳಿಗೆ ಏನೂ ಹೇಳಬಾರದು ಎಂದದ್ದೂ ಅದೇ ಊರು. ಇವು ಎಷ್ಟು ಪೆಟ್ಟು ಕೊಡುತ್ತವೆ ಎಂದು ತೋರಿಸಿದ್ದು ಅಧ್ಯಯನವೇ.

ನಗರದಲ್ಲಿ ನಮ್ಮ ಸ್ಥಿತಿ ಬೇರೆ. ಊರಿಂದ ಫೋನ್ ಬಂದ ಕೂಡಲೇ ಬಸ್ಸಿಗೋ ವಿಮಾನಕ್ಕೋ ಓಡುತ್ತೇವೆ, ಕೆಲವು ಸಲ ಮುಖ ನೋಡಲೂ ಸಿಗುವುದಿಲ್ಲ. ರಜೆ ಮುಗಿಯಿತೆಂದು ಹಿಂತಿರುಗುತ್ತೇವೆ. ಸೋಮವಾರ ಲೋಕಲ್ ಟ್ರೈನಿನಲ್ಲಿ ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಿರುವುದಿಲ್ಲ. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಹೆತ್ತವರ ಅಂತ್ಯಸಂಸ್ಕಾರವನ್ನು ಮೊಬೈಲ್ ಪರದೆಯ ಮೇಲೆ ನೋಡಿದವರು ನಮ್ಮಲ್ಲೇ ಇದ್ದಾರೆ. ಕೊರೊನಾದ ಒಂದೊಂದು ಸಾವೂ ಸರಾಸರಿ ಸುಮಾರು 9 ಮಂದಿ ಹತ್ತಿರದ ಬಂಧುಗಳನ್ನು ದುಃಖಕ್ಕೆ ತಳ್ಳುತ್ತದೆ ಎಂದು ಅಮೆರಿಕದ ಸಂಶೋಧಕರು 2020ರಲ್ಲಿ ಲೆಕ್ಕ ಹಾಕಿದ್ದರು.

ಇನ್ನೂ ಒಂದಿದೆ. ಮಗನ ಮನೆಗೆಂದು ಚೆನ್ನೈಗೋ ದೆಹಲಿಗೋ ಬಂದ ತಾಯಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ "ನೀರು ಕೊಡು" ಎಂದು ಕನ್ನಡದಲ್ಲಿ ಕೇಳಿದರೆ ತಿಳಿಯುವವರು ಆ ಪಾಳಿಯಲ್ಲಿ ಇರುತ್ತಾರೆಯೇ? ಲಂಡನ್ನಿನ ಆ ಪೋಲಿಷ್ ಮಾಣಿಯ ಪಾಡು ನಮಗೆ ಅಪರಿಚಿತವಲ್ಲ. ಅವನಂಥವರಿಗಾಗಿಯೇ ಈ ವಿದ್ಯೆ ಹುಟ್ಟಿತು, ನಮಗೂ ಅದು ಬೇಕು.

ಎಲ್ಲರೂ ಪದವಿ ಓದಬೇಕೆಂದಲ್ಲ. ನರ್ಸಿಂಗ್, ಸಮಾಜಕಾರ್ಯ, ಮನಶ್ಶಾಸ್ತ್ರ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇಂಥ ದಾರಿಯೂ ಇದೆ ಎಂದು ಹೇಳಿ. ಹಾಸ್ಪಿಸ್‌ಗಳು ಸ್ವಯಂಸೇವಕರಿಗೆ ತರಬೇತಿ ಕೊಡುತ್ತವೆ. ಕನ್ನಡ ಬಲ್ಲ ಒಬ್ಬರು ವಾರಕ್ಕೊಮ್ಮೆ ಹೋಗಿ ಕೂತರೂ ಅಲ್ಲಿರುವ ಕನ್ನಡದ ಜೀವಕ್ಕೆ ದೊಡ್ಡದು. ನಿಮ್ಮ ಊರಿನ ಕನ್ನಡ ಸಂಘ ರಾಜ್ಯೋತ್ಸವದ ಪಟ್ಟಿಯ ಜೊತೆಗೆ ಇಂಥದ್ದೊಂದು ಪಟ್ಟಿಯನ್ನೂ ಇಟ್ಟುಕೊಳ್ಳಬಹುದು: ಯಾವ ಆಸ್ಪತ್ರೆಗೆ ಯಾರು ಹೋಗಬಲ್ಲರು, ಸಾವಾದ ಮನೆಗೆ ಮೊದಲ ದಿನ ಊಟ ಯಾರು ಒಯ್ಯುತ್ತಾರೆ, ತಿಂಗಳಾದ ಮೇಲೆ ಫೋನ್ ಯಾರು ಮಾಡುತ್ತಾರೆ. ದುಃಖ ತೀರ ಭಾರವಾದವರಿಗೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು.

ಎಂಟು ದಶಕಗಳ ಅಧ್ಯಯನದ ನಂತರವೂ ಪಾಠದ ಮೊದಲ ಪುಟದಲ್ಲಿರುವುದು ಇಷ್ಟೇ: ಬುದ್ಧಿ ಹೇಳಬೇಡಿ, ಅವಸರಪಡಿಸಬೇಡಿ, ಹೋದವರ ಹೆಸರು ಹೇಳಿ, ಕೇಳಿಸಿಕೊಳ್ಳಿ. ಹನ್ನೊಂದನೆಯ ದಿನ ಎಲ್ಲರೂ ಹೋಗುತ್ತಾರೆ. ಮೂರನೆಯ ತಿಂಗಳಲ್ಲಿ, ಯಾರೂ ಬರದ ಒಂದು ಭಾನುವಾರ, ನೀವೊಮ್ಮೆ ಹೋಗಿ ಮಾತಾಡಿಸಿಕೊಂಡು ಬನ್ನಿ.